ಟೈಲ್ ಮೇಲೆ ಟೈಲ್ ಹಾಕಿದರೆ ಸೋರಿಕೆ ನಿಲ್ಲದು

ಹಳೆಯ ಮನೆಯ ಬಚ್ಚಲುಮನೆಯನ್ನು ಹೊಸದಾಗಿಸುವ ಬಗ್ಗೆ ಬರುವ ಪತ್ರಗಳಲ್ಲಿ ಬಹುಪಾಲು ಒಂದೇ ಪ್ರಶ್ನೆಯನ್ನು ಬೇರೆಬೇರೆ ಮಾತಿನಲ್ಲಿ ಕೇಳುತ್ತವೆ. ಈ ಸಲ ಅದಕ್ಕೇ ಹೆಚ್ಚಿನ ಜಾಗ ಕೊಟ್ಟಿದ್ದೇನೆ.

ಪ್ರಶ್ನೆ: ಮೈಸೂರಿನ ನಮ್ಮ ಮನೆ ಅಜ್ಜನ ಕಾಲದ್ದು, ಸುಣ್ಣದ ಗಾರೆಯ ಗೋಡೆ, ಮದ್ರಾಸ್ ತಾರಸಿ. ಮಹಡಿಯ ಬಚ್ಚಲಿನ ಕೆಳಗಿರುವ ನಡುಮನೆಯ ಗೋಡೆ ಸದಾ ತೇವವಾಗಿರುತ್ತದೆ. ಹಳೆಯ ಟೈಲ್ ಒಡೆಯದೆ ಅದರ ಮೇಲೆಯೇ ಹೊಸದನ್ನು ಅಂಟಿಸಿ ವಾರದಲ್ಲಿ ಮುಗಿಸುವುದಾಗಿ ಗುತ್ತಿಗೆದಾರರು ಹೇಳುತ್ತಾರೆ. ಒಪ್ಪಬಹುದೇ?

ಉತ್ತರ: ಒಪ್ಪಬೇಡಿ. ಸೋರಿಕೆಯಿಲ್ಲದ ಗಟ್ಟಿ ನೆಲವಾದರೆ ಟೈಲ್ ಮೇಲೆ ಟೈಲ್ ಅಂಟಿಸುವುದು ತಪ್ಪೇನಲ್ಲ. ಆದರೆ ನಿಮ್ಮ ತೊಂದರೆ ಇರುವುದು ಟೈಲಿನ ಕೆಳಗೆ. ನೀರನ್ನು ತಡೆಯುವುದು ಟೈಲ್ ಅಲ್ಲ, ಅದರ ಕೆಳಗಿನ ಪದರ ಎಂಬುದನ್ನು ಎಷ್ಟು ಬಾರಿ ಬರೆದರೂ ಜನ ಟೈಲಿನ ಬಣ್ಣ ಆರಿಸುವುದರಲ್ಲೇ ತಿಂಗಳು ಕಳೆಯುತ್ತಾರೆ.

ಮೊದಲು ನೀರು ಎಲ್ಲಿಂದ ಬರುತ್ತಿದೆಯೆಂದು ತಿಳಿಯಿರಿ. ಬಚ್ಚಲನ್ನು ನಾಲ್ಕೈದು ದಿನ ಬಳಸದಿದ್ದರೂ ಗೋಡೆ ಹಸಿಯಾಗಿಯೇ ಇದ್ದರೆ ಗೋಡೆಯೊಳಗೆ ತುಕ್ಕು ಹಿಡಿದ ಹಳೆಯ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪಿನ ಮೇಲೆ ಅನುಮಾನ ಪಡಬೇಕು. ಸ್ನಾನವಾದ ಮೇಲಷ್ಟೇ ಕಲೆ ದಟ್ಟವಾಗುವುದಾದರೆ ನೆಲವನ್ನೋ, ನೆಲದ ನೀರು ಹೊರಹೋಗುವ ಫ್ಲೋರ್ ಟ್ರಾಪನ್ನೋ ನೋಡಬೇಕು. ಟ್ರಾಪಿನ ಬಾಯಿಯ ಸುತ್ತಲಿನ ಬೆರಳಗಲದ ಜಾಗವನ್ನು ಕೂತು ಪರೀಕ್ಷಿಸಿ: ಟೈಲ್ ಸಂದಿಗೆ ತುಂಬಿದ ಗ್ರೌಟ್ ಉದುರಿ, ಟೈಲಿನ ಅಂಚು ಟೊಳ್ಳು ಸದ್ದು ಕೊಡುತ್ತಿದ್ದರೆ ಅಲ್ಲಿಂದಲೇ ನೀರು ಇಳಿಯುತ್ತಿರುವ ಸಾಧ್ಯತೆ ಹೆಚ್ಚು.

ಮದ್ರಾಸ್ ತಾರಸಿಯಲ್ಲಿ ಮರದ ಜಂತೆಗಳ ಮೇಲೆ ತೆಳು ಇಟ್ಟಿಗೆಗಳನ್ನು ಸುಣ್ಣದ ಗಾರೆಯಲ್ಲಿ ಕೂರಿಸಿ, ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣದ ಕಾಂಕ್ರೀಟ್ ಹಾಸಿರುತ್ತಾರೆ. ಜಂತೆಯ ತುದಿ ಗೋಡೆಯೊಳಗೆ ಹುದುಗಿರುವುದರಿಂದ, ಅಲ್ಲಿ ವರ್ಷಗಟ್ಟಲೆ ತೇವ ನಿಂತರೆ ಮರ ಕೊಳೆಯುವುದು ಕೆಳಗಿನಿಂದ ಕಾಣುವುದೇ ಇಲ್ಲ. ಜಂತೆ ಗೋಡೆ ಸೇರುವ ಕಡೆ ಸ್ಕ್ರೂಡ್ರೈವರಿನಿಂದ ಚುಚ್ಚಿ ನೋಡಿ; ಅದರ ತುದಿ ಮರದೊಳಗೆ ಸಲೀಸಾಗಿ ಹೊಕ್ಕರೆ ಅಂದೇ ಬಚ್ಚಲಿನ ಬಳಕೆ ನಿಲ್ಲಿಸಿ. ಹಾಗಾಗಿ ಮೇಸ್ತ್ರಿಗಿಂತ ಮೊದಲು ಹಳೆಯ ಕಟ್ಟಡಗಳನ್ನು ಬಲ್ಲ ಸ್ಟ್ರಕ್ಚರಲ್ ಎಂಜಿನಿಯರ್ ಒಬ್ಬರನ್ನು ಕರೆಸಿ. ಅವರ ಶುಲ್ಕ ದುಬಾರಿ ಎನ್ನುವವರಿಗೆ ಒಂದು ಲೆಕ್ಕ: 5 ಅಡಿಗೆ 7 ಅಡಿಯ ಕೋಣೆಯಲ್ಲಿ, ಈಗಿನ ಮನೆಗಳಂತೆ ಪೈಪ್ ಮುಚ್ಚಲು ಒಂದು ಅಡಿ ಇಟ್ಟಿಗೆ ಚೂರಿನ ಕಾಂಕ್ರೀಟ್ ತುಂಬಿಸಿದರೆ ಸುಮಾರು ಒಂದು ಘನ ಮೀಟರ್, ಅಂದರೆ ಒಂದೂವರೆ ಟನ್ನಿಗೂ ಹೆಚ್ಚು ಭಾರ, ಆ ಜಂತೆಗಳ ಮೇಲೆ ಬೀಳುತ್ತದೆ.

ಎಂಜಿನಿಯರ್ ಒಪ್ಪಿದ ಮೇಲೆ ಹಳೆಯ ಟೈಲ್, ಅದರ ಕೆಳಗಿನ ಗಾರೆ ಎರಡನ್ನೂ ತೆಗೆಸಿ. ಡ್ರಿಲ್ಲಿಂಗ್ ಯಂತ್ರದ ಹೊಡೆತ ಬೇಡ, ಉಳಿ ಸುತ್ತಿಗೆಯೇ ಸಾಕು. ಪೈಪುಗಳನ್ನು ಬದಲಿಸಿ, ಗೋಡೆ ಮುಚ್ಚುವ ಮುನ್ನ ಪಂಪಿನಿಂದ ಒತ್ತಡ ಕೊಟ್ಟು ಪರೀಕ್ಷೆ ಮಾಡಿಸಿ. ನೀರು ತಡೆಯುವ ಪದರವನ್ನು ನೆಲಕ್ಕಷ್ಟೇ ಬಳಿಯದೆ ಸುತ್ತಲಿನ ಗೋಡೆಯ ಮೇಲೂ ಕನಿಷ್ಠ ಒಂದು ಅಡಿ, ಷವರ್ ಇರುವ ಕಡೆ ಆಳೆತ್ತರ ಏರಿಸಬೇಕು. ಅದು ಒಣಗಿದ ಮೇಲೆ ಟ್ರಾಪಿನ ಬಾಯಿ ಮುಚ್ಚಿ, ಒಂದೆರಡು ಇಂಚು ನೀರು ನಿಲ್ಲಿಸಿ, 48 ಗಂಟೆ ಬಿಟ್ಟು, ಕೆಳಗಿನ ಸೂರನ್ನು ನೀವೇ ಕಣ್ಣಾರೆ ನೋಡಿ. ಈ ಪರೀಕ್ಷೆ ಟೈಲ್ ಹಾಕುವ ಮೊದಲೇ ನಡೆಯಬೇಕೆಂದೂ, ಅದು ಮುಗಿಯುವವರೆಗೆ ಆ ಹಂತದ ಹಣ ಕೊಡುವುದಿಲ್ಲವೆಂದೂ ಕರಾರಿನಲ್ಲಿ ಬರೆಸಿ. ಬರೆಯಲು ಹಿಂಜರಿಯುವ ಗುತ್ತಿಗೆದಾರರು ನಿಮಗೆ ಬೇಡ. ವಾರದಲ್ಲಿ ಮುಗಿಸುವ ಮಾತು ಇಲ್ಲಿಗೇ ಬಿದ್ದುಹೋಯಿತು.

ನಡುಮನೆಯ ಗೋಡೆಗೆ ಅವಸರದಲ್ಲಿ ಸಿಮೆಂಟ್ ಪ್ಲಾಸ್ಟರ್ ಮಾಡಿಸಬೇಡಿ. ಸುಣ್ಣದ ಗೋಡೆಯೊಳಗಿನ ತೇವ ಆರಲು ದಾರಿಯಿಲ್ಲದೆ ಪಕ್ಕಕ್ಕೂ ಮೇಲಕ್ಕೂ ಹರಡಿ, ಉಪ್ಪು ಹೂಬಿಟ್ಟು ಬಣ್ಣ ಮತ್ತೆ ಉದುರುತ್ತದೆ. ಒಂದು ಬೇಸಿಗೆ ಒಣಗಲು ಬಿಟ್ಟು, ಸುಣ್ಣದ ಗಾರೆಯಿಂದಲೇ ಸರಿಪಡಿಸಿ.

ಪ್ರಶ್ನೆ: ನೆಲಕ್ಕೆ ಸುರಿದರೆ ಸಾಕು, ಸೋರಿಕೆ ನಿಲ್ಲುತ್ತದೆ ಎಂಬ ದ್ರಾವಣ ಹೇಗೆ?

ಉತ್ತರ: ಸಣ್ಣ ರಂಧ್ರಗಳನ್ನು ಕೆಲಕಾಲ ಮುಚ್ಚಬಹುದು, ಒಡೆದ ಪೈಪನ್ನು ಬೆಸೆಯುವ ದ್ರಾವಣ ಯಾವ ಬಾಟಲಿಯಲ್ಲೂ ಬರುವುದಿಲ್ಲ.

ಪ್ರಶ್ನೆ: ವಾಸ್ತು ಪ್ರಕಾರ ಕಮೋಡನ್ನು ಎದುರು ಮೂಲೆಗೆ ಸರಿಸಬೇಕಂತೆ.

ಉತ್ತರ: ವಾಸ್ತು ನನ್ನ ವಿಷಯವಲ್ಲ, ವಾಟ ನನ್ನ ವಿಷಯ. ನಾಲ್ಕು ಇಂಚಿನ ಪೈಪನ್ನು ಎಂಟು ಅಡಿ ಎಳೆದರೆ 40ಕ್ಕೆ 1ರ ಇಳಿಜಾರಿಗೇ ಎರಡು ಇಂಚಿಗಿಂತ ಹೆಚ್ಚು ಬೇಕು. ನೆಲ ಆರು ಇಂಚಿಗೂ ಮೀರಿ ಏರಿ, ಮನೆಯ ಹಿರಿಯರು ರಾತ್ರಿ ಆ ಮೆಟ್ಟಿಲಿಗೆ ಎಡವುತ್ತಾರೆ.

ಪ್ರಶ್ನೆ: ಗ್ಯಾಸ್ ಗೀಸರನ್ನು ಬಚ್ಚಲಿನೊಳಗೇ ಇಟ್ಟು ಎಕ್ಸಾಸ್ಟ್ ಫ್ಯಾನ್ ಹಾಕಿದರೆ ಸಾಲದೇ?

ಉತ್ತರ: ಸಾಲದು. ಗ್ಯಾಸ್ ಉರಿಯುವಾಗ ಹುಟ್ಟಬಹುದಾದ ವಿಷಾನಿಲ ಕಾರ್ಬನ್ ಮಾನಾಕ್ಸೈಡಿಗೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ಗೀಸರ್ ಹೊರಗಿರಲಿ, ಬಿಸಿನೀರಿನ ಪೈಪ್ ಮಾತ್ರ ಒಳಗೆ ಬರಲಿ. ಕರೆಂಟ್ ಗೀಸರ್ ಆದರೆ ಅರ್ಥಿಂಗ್ ಇಲ್ಲದ ಹಳೆಯ ತಂತಿಗೆ ಅದನ್ನು ಜೋಡಿಸದೆ, ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್‌ರಿಂದ ಪ್ರತ್ಯೇಕ ತಂತಿ ಎಳೆಸಿ, ಕರೆಂಟ್ ಸೋರಿದ ಕೂಡಲೇ ಸಂಪರ್ಕ ಕಡಿಯುವ 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ ಹಾಕಿಸಿ.