ಕ್ಯಾಮೆರಾ ವಿಳಾಸ ಮುಟ್ಟಬೇಡಿ, ರೂಟರಿನದು ಬದಲಾಯಿಸಿ

ಹೊಸ ಫೈಬರ್ ರೂಟರ್ ಬಂದ ಮೇಲೆ ಹಳೇ ಕ್ಯಾಮೆರಾ ಕಾಣುತ್ತಿಲ್ಲ, ಅದರ ಐಪಿ ವಿಳಾಸ ಬದಲಾಯಿಸುವುದು ಹೇಗೆ, ರೀಸೆಟ್ ಒತ್ತಲೇ ಅಂತ ಕೇಳಿದ್ದೀರಿ. ಒತ್ತಬೇಡಿ. ಮೊದಲು ನನ್ನ ಕಥೆ ಕೇಳಿ.

ನಮ್ಮದು ಸಾಗರದ ಹತ್ತಿರ ಒಂದು ಹಳ್ಳಿ. ಚಾಲಿ ಅಡಿಕೆ ವಾರಗಟ್ಟಲೆ ಅಂಗಳದಲ್ಲಿ ಒಣಗುತ್ತಾ ಬಿದ್ದಿರುತ್ತದೆ. ಅದನ್ನು ಕಾಯಲಿಕ್ಕೆ ಅಂತ 2014ರಲ್ಲಿ ಮಾಡಿನ ಮೂಲೆಗೆ ಕ್ಯಾಮೆರಾ ಹಾಕಿಸಿದ್ದೆವು. ಅದರ ವಿಳಾಸ 192.168.1.64, ರೂಟರಿನದು 192.168.1.1. ವರ್ಷಗಟ್ಟಲೆ ತಕರಾರಿರಲಿಲ್ಲ. ಆಮೇಲೆ ಬಂದ ಫೈಬರ್ ರೂಟರಿನದು 192.168.29.1. ಮನೆಯ ನೆಟ್‌ವರ್ಕಿನಲ್ಲಿ ಚುಕ್ಕಿಗಳ ನಡುವಿನ ಆ ಮೂರನೇ ಅಂಕಿ (ಇಲ್ಲಿ 1 ಮತ್ತು 29) ಬೇರೆಯಾದರೆ ಮುಗಿಯಿತು, ಒಂದೇ ವೈರಿನಲ್ಲಿದ್ದರೂ ಒಂದಕ್ಕೊಂದು ಸಿಗುವುದಿಲ್ಲ.

ಬದಲಾಯಿಸುವುದು ಕಷ್ಟವೇನಲ್ಲ. ಲ್ಯಾಪ್‌ಟಾಪಿನ ವೈಫೈ ಆಫ್ ಮಾಡಿದೆ. ಲ್ಯಾನ್ ಕೇಬಲ್ ಚುಚ್ಚಿ, ಲ್ಯಾಪ್‌ಟಾಪಿಗೆ ಕೈಯಾರೆ 192.168.1.10, ಮಾಸ್ಕ್ 255.255.255.0 ಕೊಟ್ಟೆ. ಬ್ರೌಸರಿನಲ್ಲಿ ಹಳೇ ವಿಳಾಸ ಹೊಡೆದರೆ ಕ್ಯಾಮೆರಾದ ಪುಟ ಬಂತು. (ನಮ್ಮದು ಇಂಟರ್‌ನೆಟ್ ಎಕ್ಸ್‌ಪ್ಲೋರರ್ ಕಾಲದ್ದು, ಎಡ್ಜ್‌ನ ಐಇ ಮೋಡ್‌ನಲ್ಲಿ ತೆರೆಯಬೇಕಾಯಿತು.) ಆ ಪುಟದಲ್ಲಿ ನೆಟ್‌ವರ್ಕ್, ಅದರೊಳಗೆ ಟಿಸಿಪಿ/ಐಪಿ. ಅಲ್ಲಿ 192.168.29.20 ಅಂತ ಬರೆದೆ, ಗೇಟ್‌ವೇ ಅಂದರೆ ರೂಟರಿನ ವಿಳಾಸ 192.168.29.1. ಚಿತ್ರ ಉಳಿಸಿಡುವ ರೆಕಾರ್ಡರ್ ಪೆಟ್ಟಿಗೆಯ ವಿಳಾಸವನ್ನೂ ಬದಲಾಯಿಸಿ, ಅದರೊಳಗೆ ಕ್ಯಾಮೆರಾದ ಹೊಸ ವಿಳಾಸ ಹಾಕಿದೆ. ಅರ್ಧ ಗಂಟೆಯಲ್ಲಿ ಚಿತ್ರ ಬಂತು. ಕಂಪನಿಯವರನ್ನು ಕರೆಸಿದ್ದರೆ ಐನೂರು ಹೋಗ್ತಿತ್ತು ಅಂತ ಅಪ್ಪನ ಹತ್ತಿರ ಕೊಚ್ಚಿಕೊಂಡೆ.

ಕೆಡಿಸಿದ್ದು ಆ 20. ನೆನಪಿರಲಿ ಅಂತ ಸುಮ್ನೆ ಹಾಕಿದ ಅಂಕಿ.

ಫೋನು, ಟಿವಿಗಳಿಗೆಲ್ಲ ರೂಟರ್ ತಾನೇ ವಿಳಾಸ ಹಂಚುತ್ತದಲ್ವಾ? ಅದನ್ನೇ ಡಿಎಚ್‌ಸಿಪಿ ಅನ್ನುವುದು. ಹಂಚಲಿಕ್ಕೆ ಅದಕ್ಕೊಂದು ಪಟ್ಟಿ ಇರುತ್ತದೆ. ನಮ್ಮ ರೂಟರಿನ ಪಟ್ಟಿ 2ರಿಂದ 254ರವರೆಗೆ, ಅಂದರೆ ಪೂರ್ತಿ. ನಾನು ಆ ಪಟ್ಟಿಯೊಳಗಿನದ್ದೇ ಒಂದು ವಿಳಾಸವನ್ನು ರೂಟರಿಗೆ ಹೇಳದೆ ಕ್ಯಾಮೆರಾಗೆ ಕೊಟ್ಟಿದ್ದೆ. ಕಿಟಕಿಯಿಂದ ಸೀಟಿಗೆ ಟವೆಲ್ ಎಸೆದು ಹೋದಂತೆ. ಟವೆಲ್ ಇರುವ ತನಕ ಯಾರೂ ಕೂರುವುದಿಲ್ಲ. ಅದು ಕೆಳಗೆ ಬಿದ್ದ ಹೊತ್ತಿಗೆ ಯಾರಾದರೂ ಬಂದರೆ?

ಟವೆಲ್ ಬೀಳಿಸಿದ್ದು ಕರೆಂಟು. ನಮ್ಮಲ್ಲಿ ರೂಟರ್ ಇನ್ವರ್ಟರ್ ಮೇಲಿದೆ, ಅಂಗಳದ ಕ್ಯಾಮೆರಾ ಇಲ್ಲ. 2023ರ ಫೆಬ್ರವರಿ, ಸಾಗರದ ಮಾರಿಜಾತ್ರೆ. ಮೂರು ವರ್ಷಕ್ಕೊಮ್ಮೆ ಬರುವ ಜಾತ್ರೆ, ಮನೆ ತುಂಬ ನೆಂಟರು. ಕರೆಂಟು ಹೋದಾಗ ಅಕ್ಕನ ಮಗ ಫೋನಿಗೆ ವೈಫೈ ಹಾಕಿಕೊಂಡ. ಕ್ಯಾಮೆರಾ ಸತ್ತಿತ್ತು, 20 ಖಾಲಿ ಕಂಡಿತು, ರೂಟರ್ ಅದನ್ನೇ ಅವನಿಗೆ ಕೊಟ್ಟಿತು. ಕರೆಂಟು ಬಂದ ಮೇಲೆ ಕ್ಯಾಮೆರಾ ಎದ್ದು ತಾನೂ 20 ಅಂತು. ಒಂದೇ ವಿಳಾಸಕ್ಕೆ ಇಬ್ಬರು. ರೆಕಾರ್ಡರ್ ಪರದೆ ಕಪ್ಪು.

ಇದೆಲ್ಲ ಈಗ ಹೇಳುತ್ತಿದ್ದೇನೆ. ಆಗ ಏನೂ ಹೊಳೆಯಲಿಲ್ಲ. ಅಡಾಪ್ಟರ್ ಬದಲಾಯಿಸಿದೆ. ಏಣಿ ಹಾಕಿ ಕೇಬಲ್ಲಿನ ತುದಿ ಕತ್ತರಿಸಿ ಹೊಸ ಕನೆಕ್ಟರ್ ಹಾಕಿಸಿದೆ. ಒಮ್ಮೆ ಬರುತ್ತಿತ್ತು, ಒಮ್ಮೆ ಹೋಗುತ್ತಿತ್ತು. ಕೊನೆಗೆ ಗುಟ್ಟು ಹಿಡಿದವಳು ಅಮ್ಮ: "ಹುಡುಗ್ರು ಜಾತ್ರೆಗೆ ಹೋದಾಗೆಲ್ಲ ಅದು ಸರಿ ಇರ್ತಲ್ಲ ಮಾರಾಯ!" ಲ್ಯಾಪ್‌ಟಾಪಿನಲ್ಲಿ ಎಆರ್‌ಪಿ ಪಟ್ಟಿ, ಅಂದರೆ ಯಾವ ಐಪಿ ವಿಳಾಸ ಯಾವ ಯಂತ್ರದ್ದು ಅನ್ನುವ ಪಟ್ಟಿ, ತೆಗೆದು ನೋಡಿದೆ. 20ರ ಎದುರಿಗಿದ್ದ ಮ್ಯಾಕ್ ವಿಳಾಸ (ಯಂತ್ರದ ಗುರುತಿನ ಸಂಖ್ಯೆ) ಕ್ಯಾಮೆರಾದ ಸ್ಟಿಕ್ಕರಿನಲ್ಲಿದ್ದದ್ದಲ್ಲ, ಅಳಿಯನ ಫೋನಿನದು.

ಅಷ್ಟರಲ್ಲಿ ಒಂದು ಮೂಟೆ ಅಡಿಕೆ ಹೋಗಿತ್ತು. ರಾತ್ರಿ ಹುಡುಗರೆಲ್ಲ ಮನೆಯಲ್ಲೇ, ಹಾಗಾಗಿ ರಾತ್ರಿಯ ರೆಕಾರ್ಡಿಂಗೇ ಇಲ್ಲ. ಅಪ್ಪ ಕೆಲಸಕ್ಕೆ ಬರುತ್ತಿದ್ದವನ ಮೇಲೆ ಅನುಮಾನಪಟ್ಟು ಒಂದು ಮಾತು ಆಡಿಬಿಟ್ಟರು. ಅವನು ಮತ್ತೆ ಬರಲಿಲ್ಲ. ಅವನು ತೆಗೆದಿದ್ದನೋ ಇಲ್ಲವೋ, ಇವತ್ತಿಗೂ ಗೊತ್ತಿಲ್ಲ.

ಆದ್ದರಿಂದ, ಕ್ಯಾಮೆರಾ ವಿಳಾಸ ಹೇಗೆ ಬದಲಾಯಿಸುವುದು ಅನ್ನುವ ಪ್ರಶ್ನೆಯೇ ತಪ್ಪು ಅನ್ನುತ್ತೇನೆ. ಹತ್ತು ವರ್ಷದ ಕ್ಯಾಮೆರಾ ಇದ್ದ ಹಾಗೇ ಇರಲಿ. ಹೊಸ ರೂಟರಿನ ಲ್ಯಾನ್ ಸೆಟ್ಟಿಂಗಿಗೆ ಹೋಗಿ, ಹಳೇ ರೂಟರಿಗೆ ಇದ್ದ ವಿಳಾಸವನ್ನೇ ಕೊಡಿ. ಡಿಎಚ್‌ಸಿಪಿ ಪಟ್ಟಿಯನ್ನು 100ರಿಂದ 200ಕ್ಕೆ ಇಳಿಸಿ. ಕ್ಯಾಮೆರಾದ ಕೊನೇ ಅಂಕಿ ಅದರೊಳಗೆ ಬಿದ್ದರೆ ಪಟ್ಟಿಯನ್ನು ಸರಿಸಿ. ಫೋನುಗಳು ಒಮ್ಮೆ ಕಡಿದು ಮತ್ತೆ ಸೇರಿಕೊಳ್ಳುತ್ತವೆ. ಕ್ಯಾಮೆರಾ, ರೆಕಾರ್ಡರ್ ಎರಡನ್ನೂ ಮುಟ್ಟುವುದೇ ಬೇಡ. ನಾನೂ ಕೊನೆಗೆ ಎಲ್ಲವನ್ನೂ ವಾಪಸ್ 192.168.1ಕ್ಕೇ ತಂದೆ.

ರೂಟರ್ ಅದಕ್ಕೆ ಒಪ್ಪದಿದ್ದರೆ ಮಾತ್ರ ಕ್ಯಾಮೆರಾಗೆ ಕೈ ಹಾಕಿ, ಪಟ್ಟಿಯ ಹೊರಗಿನ ಅಂಕಿ ಕೊಡಿ. ರೀಸೆಟ್ ಒತ್ತಿದರೆ ಪಾಸ್‌ವರ್ಡೂ ಹೋಗುತ್ತದೆ, ವಿಳಾಸವೂ ಕಾರ್ಖಾನೆಯದ್ದೇ ಆಗುತ್ತದೆ, ನೀವು ಶುರು ಮಾಡಿದಲ್ಲೇ ಇರುತ್ತೀರಿ. ಹೊರಗಿನಿಂದ ನೋಡಲಿಕ್ಕೆ ಪೋರ್ಟ್ ಫಾರ್ವರ್ಡ್ ಮಾಡಿ, ಅಂದರೆ ಇಂಟರ್‌ನೆಟ್ಟಿನಿಂದ ಕ್ಯಾಮೆರಾಗೆ ನೇರ ಬಾಗಿಲು ತೆರೆಯಿರಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. 2016ರಲ್ಲಿ ಮಿರಾಯ್ ಅನ್ನುವ ವೈರಸ್ ಹಿಡಿದದ್ದು ಪಾಸ್‌ವರ್ಡ್ ಬದಲಾಯಿಸದ ಇಂಥ ಕ್ಯಾಮೆರಾ, ರೆಕಾರ್ಡರುಗಳನ್ನೇ.

ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಕ್ಯಾಮೆರಾದ ಮಾಡೆಲ್ ನಂಬರ್ ಕಾಮೆಂಟಿನಲ್ಲಿ ಹಾಕಿ. ಸ್ಟಿಕ್ಕರಿನ ಫೋಟೋ ಹಾಕುವುದಾದರೆ ಸೀರಿಯಲ್ ನಂಬರಿನ ಮೇಲೆ ಬೆರಳಿಟ್ಟು ತೆಗೆಯಿರಿ.