ಯುದ್ಧದಲ್ಲಿ ಸೈನ್ಯದ ಫೋಟೋಗ್ರಾಫರ್‌ಗಳು ನಿಜವಾಗಿ ಏನು ಕೆಲಸ ಮಾಡುತ್ತಿದ್ದರು? ಅವರ ಹೆಸರೇಕೆ ಯಾರಿಗೂ ಗೊತ್ತಿಲ್ಲ?

ನಾನು ಸೈನ್ಯದವನಲ್ಲ, ಮೊದಲೇ ಹೇಳಿಬಿಡುತ್ತೇನೆ. ಬೆಳಗಾವಿಯ ಕ್ಯಾಂಪ್ ಹತ್ತಿರ ನಮ್ಮದೊಂದು ಹಳೇ ಫೋಟೋ ಸ್ಟುಡಿಯೋ ಇದೆ. ಮರಾಠಾ ಸೆಂಟರ್‌ನಲ್ಲಿ ಟ್ರೇನಿಂಗ್ ಮುಗಿಸಿದ ಹುಡುಗರು ಅಪ್ಪ-ಅವ್ವನನ್ನು ನಡುವೆ ನಿಲ್ಲಿಸಿಕೊಂಡು ಫೋಟೋ ತೆಗೆಸಲು ಬರುತ್ತಾರೆ. ಸುತ್ತಲಿನ ಹಳ್ಳಿಗಳಿಂದ ಹಳೇ ಸೈನಿಕರ ಮನೆಯವರು ಮಾಸಿದ ಫೋಟೋ ತಂದು "ಇದನ್ನೊಂದಿಷ್ಟು ಛಲೋ ಮಾಡಿ ಕೊಡ್ರಿ" ಅನ್ನುತ್ತಾರೆ. ಹಾಗೆ ಬಂದ ಒಂದು ಫೋಟೋದಿಂದಲೇ ನನಗೆ ಈ ವಿಷಯದ ಹುಚ್ಚು ಹಿಡಿದದ್ದು. ಅದರಲ್ಲಿ ನನ್ನ ತಪ್ಪೂ ಇದೆ, ಆಮೇಲೆ ಹೇಳುತ್ತೇನೆ.

ಹೆಸರಿನ ವಿಷಯ ಮೊದಲು. ನಮಗೆ ಗೊತ್ತಿರುವ ಯುದ್ಧದ ಫೋಟೋಗ್ರಾಫರ್‌ಗಳು, ಉದಾಹರಣೆಗೆ ರಾಬರ್ಟ್ ಕಾಪಾ, ಪತ್ರಿಕೆಯವರು. ಚಿತ್ರದ ಕೆಳಗೆ ಅವರ ಹೆಸರು ಅಚ್ಚಾಗುತ್ತಿತ್ತು. ಸೈನ್ಯದ ಫೋಟೋಗ್ರಾಫರ್ ಹಾಗಲ್ಲ. ಅವನು ಸಂಬಳ ತಗೊಳ್ಳುವ ಸಿಪಾಯಿ. ಅವನು ತೆಗೆದ ಚಿತ್ರ ಸರ್ಕಾರದ್ದು.

ಎರಡನೇ ಮಹಾಯುದ್ಧದಲ್ಲಿ ಜಪಾನಿನ ಇವೊ ಜಿಮಾ ದ್ವೀಪದ ಗುಡ್ಡದ ಮೇಲೆ ಅಮೆರಿಕದ ಸೈನಿಕರು ಬಾವುಟ ನಿಲ್ಲಿಸುತ್ತಿರುವ ಚಿತ್ರ ನೀವೂ ನೋಡಿರುತ್ತೀರಿ. 1945ರ ಫೆಬ್ರವರಿ 23. ಅದನ್ನು ತೆಗೆದದ್ದು ಜೋ ರೋಸೆಂಥಾಲ್, ಸುದ್ದಿ ಸಂಸ್ಥೆಯವರು. ಪುಲಿಟ್ಜರ್ ಪ್ರಶಸ್ತಿ ಬಂತು. ಆದರೆ ಅದು ಆ ದಿನದ ಎರಡನೇ ಬಾವುಟ. ಬೆಳಿಗ್ಗೆ ಅದಕ್ಕಿಂತ ಚಿಕ್ಕದೊಂದು ಬಾವುಟ ಏರಿಸಿದ್ದರು. ಅದರ ಫೋಟೋ ತೆಗೆದವನು ಲೂ ಲೋರಿ ಎಂಬ ಮರೀನ್ (ಅಮೆರಿಕದ ಕಡಲ ಸೈನ್ಯದ) ಸಾರ್ಜೆಂಟ್. ಆ ಚಿತ್ರ ಯಾರಿಗೆ ನೆನಪಿದೆ? ಇನ್ನೂ ಒಬ್ಬನಿದ್ದ. ಎರಡನೇ ಬಾವುಟ ಏರುವಾಗ ರೋಸೆಂಥಾಲ್ ಪಕ್ಕದಲ್ಲೇ ನಿಂತು ಬಿಲ್ ಜೆನೌಸ್ಟ್ ಎಂಬ ಮರೀನ್ ಸಾರ್ಜೆಂಟ್ ಅದನ್ನೇ ಬಣ್ಣದ ಸಿನಿಮಾ ರೀಲಿನಲ್ಲಿ ಹಿಡಿಯುತ್ತಿದ್ದ. ಒಂಬತ್ತು ದಿನ ಕಳೆದ ಮೇಲೆ, ಮಾರ್ಚ್ 4ರಂದು, ಒಂದು ಗುಹೆಯೊಳಗೆ ಗುಂಡು ತಗುಲಿ ಅವನು ಸತ್ತ. ಹೆಣವೂ ಸಿಗಲಿಲ್ಲ. ಒಂದೇ ಗುಡ್ಡ, ಒಂದೇ ದಿನ, ಮೂರು ಕ್ಯಾಮೆರಾ. ಹೆಸರು ಉಳಿದದ್ದು ಮಾತ್ರ ಸೈನ್ಯಕ್ಕೆ ಸೇರದವನದ್ದು.

ಇನ್ನು ಕೆಲಸ. ನಾನು ಜಾಸ್ತಿ ಓದಿರುವುದು ಬ್ರಿಟಿಷ್ ಸೈನ್ಯದ ಫಿಲ್ಮ್ ಮತ್ತು ಫೋಟೋ ಘಟಕದ ಬಗ್ಗೆ, ಯಾಕಂದ್ರೆ ನಮ್ಮ ಕಡೆಯವರ ಎಷ್ಟೋ ಚಿತ್ರ ತೆಗೆದವರು ಅವರೇ. 1941ರಲ್ಲಿ ಶುರುವಾಯಿತು. ಬೇರೆ ಬೇರೆ ಪಲ್ಟನ್‌ಗಳಿಂದ ಸಿಪಾಯಿಗಳನ್ನೇ ಆರಿಸಿ ಲಂಡನ್ ಹತ್ತಿರದ ಪೈನ್‌ವುಡ್ ಸಿನಿಮಾ ಸ್ಟುಡಿಯೋದಲ್ಲಿ ತರಬೇತಿ ಕೊಡುತ್ತಿದ್ದರು. ಅದರಲ್ಲಿ ಪತ್ರಿಕೆಗೆ ಫೋಟೋ ತೆಗೆದು ಅನುಭವ ಇದ್ದವರೂ ಇದ್ದರು. ಬಹಳ ಜನ ಸಾರ್ಜೆಂಟ್ ದರ್ಜೆಯವರು. ಸಾಮಾನ್ಯವಾಗಿ ಇಬ್ಬಿಬ್ಬರು ಜೋಡಿ: ಒಬ್ಬನ ಕೈಯಲ್ಲಿ ಫೋಟೋ ಕ್ಯಾಮೆರಾ, ಇನ್ನೊಬ್ಬನ ಕೈಯಲ್ಲಿ ಸಿನಿಮಾ ಕ್ಯಾಮೆರಾ. ಒಂದು ಜೀಪು. ಸೊಂಟದಲ್ಲಿ ಒಂದು ಪಿಸ್ತೂಲು, ಅಷ್ಟೇ.

ಕ್ಯಾಮೆರಾದ ಬಗ್ಗೆ ಎರಡು ಮಾತು ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ಫೋಟೋಕ್ಕೆ ಅವರು ಬಳಸಿದ್ದು ಸೂಪರ್ ಇಕಾಂಟಾ. ಮಡಚಿ ಜೇಬಿಗೆ ಹಾಕಿಕೊಳ್ಳುವಂಥದ್ದು. ತಮಾಷೆ ಏನು ಅಂದ್ರೆ, ಅದು ಜರ್ಮನಿಯ ಝೈಸ್ ಕಂಪನಿಯ ಮಾಲು! ಜರ್ಮನರ ವಿರುದ್ಧದ ಯುದ್ಧವನ್ನು ಜರ್ಮನ್ ಕ್ಯಾಮೆರಾದಲ್ಲೇ ತೆಗೆದರು. ಒಂದು ರೋಲಿಗೆ ಹನ್ನೊಂದೋ ಹನ್ನೆರಡೋ ಚಿತ್ರ. ಲೆನ್ಸ್ ಬದಲಿಸಲು ಬರುವುದಿಲ್ಲ. ದೂರದ್ದನ್ನು ಹತ್ತಿರ ಎಳೆಯುವ ಸೌಲಭ್ಯ ಇಲ್ಲ, ಹತ್ತಿರ ಬೇಕಾದರೆ ನೀವೇ ಹತ್ತಿರ ಹೋಗಬೇಕು. ಸಿನಿಮಾ ಕ್ಯಾಮೆರಾ ಡಿವ್ರೈ, ಕೀಲಿ ಕೊಟ್ಟು ಓಡಿಸುವುದು. ನೂರು ಅಡಿ ಫಿಲ್ಮ್ ಹಿಡಿಸುತ್ತಿತ್ತು. ಅಂದರೆ ಒಂದು ನಿಮಿಷಕ್ಕಿಂತ ಚೂರು ಜಾಸ್ತಿ. ಆಮೇಲೆ ಗುಂಡು ಹಾರುತ್ತಿರುವಾಗಲೇ ಕೂತು ರೀಲು ಬದಲಿಸು! ದನಿ ಹಿಡಿಯುವುದಿಲ್ಲ. ಹಳೇ ಯುದ್ಧದ ಚಿತ್ರಗಳಲ್ಲಿ ಕೇಳುವ ಢಂ ಢಂ ಎಲ್ಲ ಆಮೇಲೆ ಸ್ಟುಡಿಯೋದಲ್ಲಿ ಸೇರಿಸಿದ್ದು.

ಬೇರೆ ಸೈನಿಕರು ತಲೆ ತಗ್ಗಿಸಿ ಕೂತಾಗ ಇವರು ತಲೆ ಎತ್ತಬೇಕಿತ್ತು. 1944ರ ಜೂನ್ 6ರಂದು ಫ್ರಾನ್ಸಿನ ನಾರ್ಮಂಡಿಯ ಸ್ವೋರ್ಡ್ ಬೀಚ್‌ನಲ್ಲಿ ಸೈನಿಕರು ನೀರಿನಿಂದ ಮೇಲೆ ಬರುತ್ತಿರುವ ಚಿತ್ರ ತೆಗೆದ ಜಿಮ್ ಮ್ಯಾಫಮ್ ಇಂಥವನೇ ಒಬ್ಬ ಸಾರ್ಜೆಂಟ್. ಮೈಕ್ ಲೂಯಿಸ್ ಎಂಬವನು ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಹಾಲೆಂಡಿನ ಅರ್ನೆಮ್‌ಗೆ ಹೋಗಿ ಶತ್ರುಗಳ ನಡುವೆ ಸಿಕ್ಕಿಬಿದ್ದು ಪಾರಾಗಿ ಬಂದ. ಮುಂದೆ 1945ರ ಏಪ್ರಿಲ್‌ನಲ್ಲಿ ನಾಜಿಗಳ ಬೆರ್ಗೆನ್-ಬೆಲ್ಸೆನ್ ಯಾತನಾ ಶಿಬಿರಕ್ಕೆ ಕ್ಯಾಮೆರಾ ಹಿಡಿದು ಹೋದವರಲ್ಲಿ ಅವನೂ ಒಬ್ಬ. ಅವನು ಸ್ವತಃ ಯಹೂದಿ. ಹೆಣಗಳ ರಾಶಿಯ ಮುಂದೆ ನಿಂತು ಫೋಕಸ್ ಸರಿಮಾಡುವುದು ಅಂದರೆ ಏನು ಎಂದು ನಾನು ಎಷ್ಟೋ ಸಲ ಯೋಚಿಸಿದ್ದೇನೆ. ಅಲ್ಲಿ ತೆಗೆದ ಫಿಲ್ಮನ್ನು ಅದೇ ವರ್ಷ ಕೋರ್ಟಿನಲ್ಲಿ ಸಾಕ್ಷಿಯಾಗಿ ತೋರಿಸಿದರು.

ಎಲ್ಲವೂ ಇಷ್ಟು ಸಾಚಾ ಅಂದುಕೊಳ್ಳಬೇಡಿ. ಈಜಿಪ್ಟಿನ ಎಲ್ ಅಲಮೇನ್ ಕಾಳಗದ ಒಂದು ಚಿತ್ರ ಬಹಳ ಪ್ರಸಿದ್ಧ. ಹೊಗೆಯ ನಡುವೆ ಆಸ್ಟ್ರೇಲಿಯದ ಸೈನಿಕರು ನುಗ್ಗುತ್ತಿದ್ದಾರೆ. ಲೆನ್ ಚೆಟ್ವಿನ್ ಎಂಬ ಸೈನ್ಯದ ಫೋಟೋಗ್ರಾಫರ್ ಅದನ್ನು ಸುಮ್ನೆ ನಾಟಕ ಮಾಡಿಸಿ ತೆಗೆದದ್ದು. ಇದನ್ನು ದೊಡ್ಡ ಮೋಸ ಅನ್ನುವವರಿದ್ದಾರೆ. ನನಗೆ ಹಾಗೆ ಬಯ್ಯಲು ಬಾಯಿ ಬರುವುದಿಲ್ಲ. "ಅಕ್ಷತೆ ಅಡ್ಡ ಬಂತು, ತಾಳಿ ಇನ್ನೊಮ್ಮೆ ಹಿಡೀರಿ" ಎಂದು ಎಷ್ಟು ಮದುಮಗಂದಿರಿಗೆ ಹೇಳಿದ್ದೇನೋ. ಆದರೆ ಮದುವೆ ಆಲ್ಬಂ ಬೇರೆ, ಯುದ್ಧದ ದಾಖಲೆ ಬೇರೆ, ಅದೂ ನಿಜ.

ಈಗ ಅಸಲು ವಿಷಯ. ಆ ಕೆಲಸದಲ್ಲಿ ಬಟನ್ ಒತ್ತುವುದು ಅರ್ಧ, ಬರೆಯುವುದು ಅರ್ಧ. ಪ್ರತಿ ರೋಲಿನ ಜೊತೆ ಒಂದು ಚೀಟಿ ಹೋಗಬೇಕಿತ್ತು, ಅದಕ್ಕೆ ಡೋಪ್ ಶೀಟ್ ಅನ್ನುತ್ತಿದ್ದರು. ಯಾವ ದಿನ, ಯಾವ ಜಾಗ, ಯಾವ ಪಲ್ಟನ್, ಚಿತ್ರದಲ್ಲಿ ಯಾರಿದ್ದಾರೆ, ಅವರ ಊರು ಯಾವುದು. ಕೆಸರಲ್ಲಿ ಕೂತು, ಬೆರಳು ಮರಗಟ್ಟಿದ್ದರೂ ಬರೆಯಬೇಕು. ಸಿನಿಮಾ ರೀಲು ತೊಳೆಯದೆ ಹಾಗೇ ಇಂಗ್ಲೆಂಡಿಗೆ ಹೋಗುತ್ತಿತ್ತು. ತಾನು ತೆಗೆದದ್ದು ಬಂದಿದೆಯೋ, ಬೆಳಕು ಹೊಡೆದು ಹಾಳಾಗಿದೆಯೋ ಎಂದು ತೆಗೆದವನಿಗೆ ಆಗಲೇ ತಿಳಿಯುತ್ತಿರಲಿಲ್ಲ. ನಡುವೆ ಸೆನ್ಸಾರ್. ಕಡೆಗೆ ಎಲ್ಲದಕ್ಕೂ ಒಂದು ನಂಬರು. ಉತ್ತರ ಆಫ್ರಿಕಾ, ಇಟಲಿಯ ಚಿತ್ರಗಳಿಗೆ "ಎನ್ ಎ" ಎಂದು ಶುರುವಾಗುವ ನಂಬರು. ಈಗ ಅವು ಲಂಡನ್ನಿನ ಇಂಪೀರಿಯಲ್ ವಾರ್ ಮ್ಯೂಸಿಯಂನಲ್ಲಿವೆ, ಮೊಬೈಲಿನಲ್ಲೇ ಹುಡುಕಬಹುದು. ಹುಡುಕಿದರೆ ಒಂದು ಬೇಜಾರು: ನಮ್ಮವರ ಎಷ್ಟೋ ಚಿತ್ರಗಳ ಕೆಳಗೆ ಬರೀ "ಭಾರತೀಯ ಸೈನಿಕರು". ಹೆಸರಿಲ್ಲ, ಊರಿಲ್ಲ.

(ಒಂದು ಅಡ್ಡ ಮಾತು. ನಮ್ಮ ಸೀಮೆಯ ತೀರ ಹಳೇ ಫೋಟೋಗಳೂ ಸೈನ್ಯದವನ ಕೈಯವೇ. 1855ರಲ್ಲಿ ಥಾಮಸ್ ಬಿಗ್ಸ್ ಎಂಬ ಬಾಂಬೆ ಫಿರಂಗಿ ದಳದ ಕ್ಯಾಪ್ಟನ್ ವಿಜಯಪುರ, ಬಾದಾಮಿ, ಐಹೊಳೆಗಳನ್ನು ಕಾಗದದ ನೆಗೆಟಿವ್ ಮೇಲೆ ತೆಗೆದ. ಅಷ್ಟರಲ್ಲಿ ಸೈನ್ಯ ವಾಪಸ್ ಕರೆಸಿಕೊಂಡಿತು. ಉಳಿದ ಕೆಲಸ ಒಬ್ಬ ಡಾಕ್ಟರ್ ಪಾಲಿಗೆ ಬಂತು.)

ನನ್ನ ತಪ್ಪಿಗೆ ಬರುತ್ತೇನೆ. 1998. ಆಗ ನಾನು ಅಪ್ಪನ ಕೈಕೆಳಗೆ ಕೆಲಸ ಕಲಿಯುತ್ತಿದ್ದೆ. ಗೋಕಾಕ ಕಡೆಯಿಂದ ಒಬ್ಬ ಆಯಿ ಸೆರಗಿನಲ್ಲಿ ಸುತ್ತಿಕೊಂಡು ಒಂದು ಫೋಟೋ ತಂದರು. ನಾಲ್ಕು ಜನ ಸಿಪಾಯಿಗಳು ಕಲ್ಲಿನ ಗೋಡೆಯ ನೆರಳಲ್ಲಿ ಕೂತಿದ್ದಾರೆ. ಒಬ್ಬ ರೊಟ್ಟಿ ತಟ್ಟುತ್ತಿದ್ದಾನೆ, ಎಡಗಡೆಯವನು ಬೂಟು ಬಿಚ್ಚಿ ಕಾಲು ಚಾಚಿದ್ದಾನೆ. "ಕಾಲ್ ಚಾಚಿದಾವ ನಮ್ಮಪ್ಪ. ಇಟ್ಲಿ ಲಡಾಯ್ದಾಗ ತಗದದ್ದು" ಅಂದರು. ಮರಾಠಾ ಪಲ್ಟನ್‌ನವರು. ಅದೇ ಪಲ್ಟನ್ನಿನ ಯಶವಂತ ಘಾಡಗೆ ಸತ್ತು ವಿಕ್ಟೋರಿಯಾ ಕ್ರಾಸ್ (ಬ್ರಿಟಿಷರ ಅತಿ ದೊಡ್ಡ ಶೌರ್ಯ ಪದಕ) ಪಡೆದ 1944ರ ಅದೇ ಇಟಲಿ. ಫೋಟೋ ಸುರುಳಿ ಸುತ್ತಿಕೊಳ್ಳುತ್ತಿತ್ತು. ನಾನು ಮೆರೆಯಲು ಹೋಗಿ ಹಾರ್ಡ್‌ಬೋರ್ಡಿಗೆ ಪೂರ್ತಿ ಗೋಂದು ಬಳಿದು ಬಿಗಿಯಾಗಿ ಅಂಟಿಸಿ ಗಾಜಿನ ಫ್ರೇಮ್ ಹಾಕಿ ಕೊಟ್ಟೆ. ಆಯಿ ನೋಡಿ ಖುಷಿಪಟ್ಟರು. ಆಮೇಲೆ ಫ್ರೇಮನ್ನು ತಿರುಗಿಸಿ ನೋಡಿ, "ಹಿಂದ ಜಾಂಬಳಿ ಶಾಯೀಲೆ ಏನೋ ಬರದಿತ್ತಲ್ಲೋ ತಮ್ಮಾ, ಎಲ್ಲಿ ಹೋತು?" ಅಂದರು.

ನಾನು ಹಿಂಬದಿ ನೋಡಿಯೇ ಇರಲಿಲ್ಲ.

ಮೂರ್ನಾಲ್ಕು ವರ್ಷದ ಹಿಂದೆ ಅವರ ಮೊಮ್ಮಗ ಅದೇ ಫ್ರೇಮ್ ತಂದ. ಗೆದ್ದಲು ಹಿಡಿದಿತ್ತು. ಎರಡು ದಿನ ತೇವದ ಬಟ್ಟೆ ಇಟ್ಟು, ತೆಳ್ಳಗಿನ ಚಾಕುವಿನಿಂದ ಕೂದಲೆಳೆಯಷ್ಟೇ ಎಬ್ಬಿಸುತ್ತ ಬಿಡಿಸಿದೆ. ಹಿಂದೆ ಒಂದು ಮೊಹರಿನ ಅಂಚು. ಅದರ ಪಕ್ಕದಲ್ಲಿ ಎನ್, ಎ, ಆಮೇಲೆ 1. ಮುಂದಿನ ಅಂಕಿಗಳು ಗೋಂದಿನ ಜೊತೆ ಕಿತ್ತುಹೋಗಿವೆ.

ಅಂದಿನಿಂದ ಅಂಗಡಿ ಬಾಗಿಲು ಎಳೆದ ಮೇಲೆ ಮ್ಯೂಸಿಯಂನ ಆ ಚಿತ್ರಗಳನ್ನು ದಿನಕ್ಕಿಷ್ಟು ಅಂತ ನೋಡುತ್ತ ಹೋಗುತ್ತಿದ್ದೇನೆ. ಹೇಸರಗತ್ತೆ, ಸೇತುವೆ, ಟ್ಯಾಂಕು, ಮಳೆ, ಚಹಾ ಕುಡಿಯುವ ಸಿಪಾಯಿಗಳು ಎಲ್ಲ ಸಿಕ್ಕಿದ್ದಾರೆ. ಕಾಲು ಚಾಚಿದವನು ಇನ್ನೂ ಸಿಕ್ಕಿಲ್ಲ. ನಿಮ್ಮ ಮನೆಯಲ್ಲೂ ಅಂಥ ಫೋಟೋ ಇದ್ದರೆ, ಹಿಂಬದಿಯಲ್ಲಿ ನಂಬರಿದ್ದರೆ, ಕಾಮೆಂಟಿನಲ್ಲಿ ಬರೆಯಿರಿ. ಹುಡುಕಿ ಕೊಡುತ್ತೇನೆ.