ಶಿವರಾತ್ರಿಗೆ ಬೆಂಗಳೂರಿಂದ ಧರ್ಮಸ್ಥಳಕ್ಕೆ ಮೊದಲ ಪಾದಯಾತ್ರೆ. ಆರೇ ದಿನ ರಜೆ, ದಿನಕ್ಕೆ 50 ಕಿ.ಮೀ. ನಡೆಯಬೇಕು. ಯಾವ ಶೂ ತಗೊಳ್ಳಲಿ?

ನಾನೂ ಇದೇ ಲೆಕ್ಕ ಹಾಕಿದ್ದೆ ಸ್ವಾಮಿ. 300 ಭಾಗಿಸು 6. ಅಮ್ಮ ಹೊತ್ತ ಹರಕೆ, ತೀರಿಸೋನು ನಾನು.

ಶೂ ಮಾತು ಬಿಡಿ. ನನ್ನ ಶೂ ಚೆನ್ನಾಗೇ ಇತ್ತು, ಎರಡು ತಿಂಗಳು ಹಾಕಿ ಪಳಗಿಸಿದ್ದೆ. ಕೆಟ್ಟದ್ದು ಬೇರೆ ಕಡೆ. ನಮ್ಮ ತಂಡ ನೆಲಮಂಗಲದಲ್ಲಿ ಸೇರಿ ಬೆಳಗಿನ ಜಾವ ಹೊರಟಿತು. ಒಂಬತ್ತರ ಹೊತ್ತಿಗೆ ಬಿಸಿಲೇರಿ ಎಡ ಹಿಮ್ಮಡಿಯಲ್ಲಿ ಎಂಟಾಣೆ ಅಗಲದಷ್ಟು ಜಾಗ ಉರಿಯತೊಡಗಿತು. ಬೆವರಿಗೆ ಸಾಕ್ಸ್ ಒದ್ದೆಯಾಗಿದೆ ಅಂತ ಗೊತ್ತಾಯ್ತು. ಆದರೆ ಒಣ ಸಾಕ್ಸ್, ಪ್ಲಾಸ್ಟರ್ ಎಲ್ಲಾ ಲಗೇಜ್ ಗಾಡಿಯಲ್ಲಿ, ಗಾಡಿ ಆಗಲೇ ಕುಣಿಗಲ್‌ನಲ್ಲಿ. ಮುಂದಿನವರು ಭಜನೆ ಹೇಳಿಕೊಂಡು ಹೋಗ್ತಿದ್ದಾರೆ, ಮೊದಲನೇ ದಿನವೇ ನಾನೊಬ್ಬ ಕೂತರೆ ಮರ್ಯಾದೆ ಪ್ರಶ್ನೆ. ಮುಂದಿನ ಅರವಟ್ಟಿಗೇಲಿ ನೋಡೋಣ ಅಂದುಕೊಂಡೆ. ಅರವಟ್ಟಿಗೆ ಬಂತು. ನಿಂತೇ ಮಜ್ಜಿಗೆ ಕುಡಿದು ನಡೆದೆ.

ಒಣ ಸಾಕ್ಸ್ ಇಲ್ಲದಿದ್ದರೇನು, ಬರಿಗಾಲಲ್ಲಿ ಐದು ನಿಮಿಷ ನೆರಳಲ್ಲಿ ಕೂತಿದ್ದರೆ ಚರ್ಮ ಒಣಗ್ತಿತ್ತು. ಉರಿ ಶುರುವಾದಾಗ ಗುಳ್ಳೆ ಸಾಮಾನ್ಯವಾಗಿ ಇನ್ನೂ ಎದ್ದಿರಲ್ಲ, ಆಗಲೇ ಪ್ಲಾಸ್ಟರ್ ಹಚ್ಚಿದರೆ ಏಳೋದು ತಪ್ಪಬಹುದು. ಎದ್ದ ಮೇಲೆ ಹಚ್ಚಿ ಏನು ಬಂತು? ಸಂಜೆ ಕುಣಿಗಲ್‌ನಲ್ಲಿ ಸಾಕ್ಸ್ ಎಳೆದರೆ ಗುಳ್ಳೆ ಒಡೆದು ಚರ್ಮ ಅದರ ಜೊತೆಗೇ ಬಂತು.

ನೋವಿಗೆ ಎಡಗಾಲು ಓರೆ ಇಟ್ಟೆ, ಭಾರವೆಲ್ಲ ಬಲಮಂಡಿಗೆ ಬಿತ್ತು. ಚನ್ನರಾಯಪಟ್ಟಣ, ಹಾಸನ, ಬೇಲೂರು ಹೇಗೋ ದಾಟಿದೆ. ಕೊಟ್ಟಿಗೆಹಾರದಲ್ಲಿ ಎಲ್ಲರೂ ನೀರುದೋಸೆ ತಿಂತಿದ್ದರೆ ನಾನು ಮಂಡಿ ಹಿಡಿದು ಕೂತಿದ್ದೆ. ಏರು ಹೇಗಾದರೂ ಹತ್ತಬಹುದು ರೀ, ಚಾರ್ಮಾಡಿ ಇಳಿಜಾರು. ಅಣ್ಣಪ್ಪಸ್ವಾಮಿ ಗುಡಿ ಹತ್ತಿರ ಕಾಲು ಮಡಚೋಕೇ ಆಗಲಿಲ್ಲ. ಲಗೇಜ್ ಗಾಡಿ ಹತ್ತಿ, ಆರು ಜೊತೆ ಒಣ ಸಾಕ್ಸ್ ಇದ್ದ ನನ್ನದೇ ಬ್ಯಾಗ್ ತಲೆಗಿಟ್ಟು ಧರ್ಮಸ್ಥಳ ಸೇರಿದೆ. ಪಕ್ಕದಲ್ಲಿ ಹವಾಯಿ ಚಪ್ಪಲಿ ಹಾಕಿದ ಒಬ್ಬ ಅಜ್ಜಿ ಆರಾಮಾಗಿ ನಡೆದು ಇಳಿತಿದ್ದರು.

ಆರೇ ದಿನ ರಜೆ ಅಂದರೆ ಹಾಸನದ ತನಕ ಬಸ್ಸಲ್ಲಿ ಹೋಗಿ, ಅಲ್ಲಿಂದ ನಡೀರಿ. ಇಲ್ಲ, ಬೆಂಗಳೂರಿಂದಲೇ ಅಂತ ಹರಕೆ ಇದೆ ಅಂದರೆ ಹತ್ತು ದಿನ ರಜೆ ಕೇಳಿ. 50 ಒಂದು ದಿನ ನಡೀಬಹುದು, ಮಾರನೇ ದಿನ ಗೊತ್ತಾಗುತ್ತೆ. ಬೆಳಗಿನ ಜಾವ ಮೂರಕ್ಕೆ ಹೊರಟು ಹತ್ತಕ್ಕೆ ನಿಲ್ಲಿಸಿ, ಮತ್ತೆ ನಾಲ್ಕರ ಮೇಲೆ. ಟಾರು ರಸ್ತೆ ಮಧ್ಯಾಹ್ನ ಹೆಂಚು ಥರ ಕಾಯುತ್ತೆ. ಟ್ರೆಡ್‌ಮಿಲ್ ನಂಬಬೇಡಿ, ನಂದಿಬೆಟ್ಟದ ಮೆಟ್ಟಿಲು ಹತ್ತೋದಕ್ಕಿಂತ ಇಳಿಯೋದು ಅಭ್ಯಾಸ ಮಾಡಿ. ಎರಡು ಜೊತೆ ಸಾಕ್ಸ್, ಪ್ಲಾಸ್ಟರ್ ಸೊಂಟದ ಚೀಲದಲ್ಲೇ ಇರಲಿ. ಒದ್ದೆಯದನ್ನು ಬೆನ್ನಿನ ಬ್ಯಾಗಿಗೆ ಪಿನ್ ಹಾಕಿ ಒಣಗಿಸಿ. ನೋಡೋರು ನಗಲಿ.

ಮಾರನೇ ವರ್ಷ ಕೊಟ್ಟಿಗೆಹಾರದ ತನಕ ಬಸ್ಸಲ್ಲಿ ಹೋಗಿ ಬಾಕಿ ದಾರಿ ನಡೆದು ತೀರಿಸಿದೆ. ಘಾಟಿ ಇಳಿಯುವಾಗ ಮೂರು ಸಲ ಕೂತೆ, ಸಾಕ್ಸ್ ಬಿಚ್ಚಿ. ಎರಡನೇ ಸಲ ಯಾಕೆ ಹೋದೆ ಅಂತ ಅಮ್ಮನಿಗೆ ಇನ್ನೂ ಹೇಳಿಲ್ಲ.